ಪ್ರಶ್ನೆ ಕೇಳಿದವನಿಗೆ ಏನಾಯಿತು?

ತಮ್ಮಾ, ಆ ಸೈಕಲ್ ಸವಾರ ಪೊಗಾಚರ್ ಶುದ್ಧನೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳು ಮಾವ ಎಂದು ಪಟ್ಟು ಹಿಡಿದಿದ್ದೀಯ. ಒಂದೇ ಮಾತಿನಲ್ಲಿ ಹೇಳುವವರಿಗೆ ಲೋಕದಲ್ಲಿ ಬರವಿಲ್ಲ. ಅರ್ಧ ಜನಕ್ಕೆ ಅವನು ದೇವರು, ಇನ್ನರ್ಧಕ್ಕೆ ಕಳ್ಳ. ಅವನ ರಕ್ತದಲ್ಲಿ ಏನಿದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಅವನು ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವನಲ್ಲ, ಯಾವ ತನಿಖೆಯೂ ಅವನ ಮೇಲೆ ಆರೋಪ ಹೊರಿಸಿಲ್ಲ. ಹಾಗಾಗಿ ನಿನಗೆ ತೀರ್ಪು ಕೊಡಲಾರೆ. ಆದರೆ ಅನುಮಾನ ಪಡುವುದಕ್ಕೂ ಒಂದು ಕ್ರಮ ಇದೆ. ಅದನ್ನು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳು.

ನೀನು ಹಿಡಿದುಕೊಂಡು ಬಂದ ಅಂಕಿಯಿಂದಲೇ ಶುರುಮಾಡೋಣ. 2024ರ ಜುಲೈ 14, ಟೂರ್ ಡಿ ಫ್ರಾನ್ಸ್‌ನ ಹದಿನೈದನೇ ಹಂತ, ಪಿರನೀಸ್ ಬೆಟ್ಟಗಳಲ್ಲಿರುವ ಪ್ಲಾಟೊ ದ ಬೇಯ್. ಸುಮಾರು 16 ಕಿಲೋಮೀಟರ್ ದೂರ, ಸರಾಸರಿ ಶೇ 8ರಷ್ಟು ಏರು. ತಾದೇಯ್ ಪೊಗಾಚರ್ ಅದನ್ನು 40 ನಿಮಿಷದೊಳಗೆ ಹತ್ತಿದ. 1998ರಲ್ಲಿ ಇಟಲಿಯ ಮಾರ್ಕೊ ಪಂತಾನಿ ಹತ್ತಿದ ಕಾಲಕ್ಕಿಂತ ಹೆಚ್ಚುಕಡಿಮೆ ಮೂರೂವರೆ ನಿಮಿಷ ಮೊದಲು. ಅವತ್ತು ಎರಡನೆಯವನಾಗಿ ಬಂದ ಡೆನ್ಮಾರ್ಕಿನ ಯೋನಸ್ ವಿಂಗೆಗೋರ್ ಕೂಡ ಪಂತಾನಿಯನ್ನು ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಹಾಕಿದ್ದ. ಪಂತಾನಿಯ ಕಾಲ ಎಂದರೆ ರಕ್ತಕ್ಕೆ ಮದ್ದು ಸುರಿಯುತ್ತಿದ್ದ ಕಾಲ. ಮದ್ದು ಹೊಡೆದವರಿಗಿಂತ ಮದ್ದಿಲ್ಲದವರು ಇಷ್ಟು ಮುಂದೆ ಹೋಗುವುದು ಹೇಗೆ ಎಂದು ನೀನು ಕೇಳುವುದರಲ್ಲಿ ತಪ್ಪೇನಿಲ್ಲ.

ಉತ್ತರ ಕೊಡುವವರೂ ಇದ್ದಾರೆ. ಆಗಿನ ಟೈರು ಕಿರಿದು, ಉಸಿರುಗಟ್ಟುವಷ್ಟು ಗಾಳಿ ತುಂಬಿಸುತ್ತಿದ್ದರು. ಈಗಿನದು ಅಗಲ, ರಸ್ತೆಯ ಮೇಲೆ ಸಲೀಸಾಗಿ ಉರುಳುತ್ತದೆ. ಚೌಕಟ್ಟು, ಹೆಲ್ಮೆಟ್, ಮೈಮೇಲಿನ ಬಟ್ಟೆ ಎಲ್ಲವನ್ನೂ ಗಾಳಿಸುರಂಗದಲ್ಲಿ ಇಟ್ಟು ತಿದ್ದಿದ್ದಾರೆ. ಪೆಡಲಿಗೆ ಬೀಳುವ ಬಲವನ್ನು ವ್ಯಾಟ್ ಲೆಕ್ಕದಲ್ಲಿ ಅಳೆದು ತರಬೇತಿ ಕೊಡುತ್ತಾರೆ. ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಊಟ. ಹಿಂದೆ ಸವಾರರು ಅರೆಹೊಟ್ಟೆಯಲ್ಲಿ ಬೆಟ್ಟ ಹತ್ತುತ್ತಿದ್ದರು, ತೂಕ ಏರಬಾರದೆಂದು. ಈಗ ಗಂಟೆಗೆ 100–120 ಗ್ರಾಂ ಸಕ್ಕರೆಯಂಶವನ್ನು ಜೆಲ್, ಪಾನಕದ ರೂಪದಲ್ಲಿ ಒಳಗೆ ಇಳಿಸುತ್ತಾರೆ; ಅದನ್ನು ತಡೆದುಕೊಳ್ಳಲು ಕರುಳಿಗೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಇವೆಲ್ಲ ಸೇರಿ ಮೂರೂವರೆ ನಿಮಿಷ ಆಗುತ್ತದೆಯೇ? ಆಗುತ್ತದೆ ಎನ್ನುವ ತಜ್ಞರಿದ್ದಾರೆ, ತಲೆ ಅಲ್ಲಾಡಿಸುವವರೂ ಇದ್ದಾರೆ. ಗಾಳಿ ಯಾವ ಕಡೆಗಿತ್ತು, ಬೆಟ್ಟದ ಬುಡಕ್ಕೆ ಬರುವವರೆಗೆ ಅವತ್ತಿನ ಹಂತ ಎಷ್ಟು ದಣಿಸಿತ್ತು, ಮುಂದೆ ಯಾರು ಎಳೆದರು ಎಂಬುದರ ಮೇಲೆ ನಿಮಿಷಗಳೇ ಆಚೀಚೆ ಆಗುತ್ತವೆ. ಗಡಿಯಾರ ಪ್ರಶ್ನೆ ಎಬ್ಬಿಸುತ್ತದೆ. ಉತ್ತರಕ್ಕೆ ಬೇರೆ ಕಡೆ ಹುಡುಕಬೇಕು.

ಹಾಗಾದರೆ ಪರೀಕ್ಷೆಯನ್ನು ನಂಬೋಣವೇ? ಇಲ್ಲಿ ಇಪಿಒ ಕಥೆ ಗೊತ್ತಿರಬೇಕು. ನಮ್ಮ ಮೂತ್ರಪಿಂಡವೇ ಹುಟ್ಟಿಸುವ ಒಂದು ಹಾರ್ಮೋನು ಅದು. ಕೆಂಪು ರಕ್ತಕಣ ತಯಾರಿಸು ಎಂದು ಎಲುಬಿನ ಮಜ್ಜೆಗೆ ಅಪ್ಪಣೆ ಕೊಡುವುದು ಅದರ ಕೆಲಸ. ಮೂತ್ರಪಿಂಡ ಕೆಟ್ಟವರಿಗೆಂದು ಅದನ್ನು ಕಾರ್ಖಾನೆಯಲ್ಲಿ ತಯಾರಿಸಿದರು. ತೊಂಬತ್ತರ ದಶಕದಲ್ಲಿ ಅದು ಸೈಕಲ್ ಸವಾರರ ಫ್ರಿಜ್ಜಿಗೆ ಬಂತು. ಕೆಂಪುಕಣ ಹೆಚ್ಚಿದರೆ ಸ್ನಾಯುವಿಗೆ ಆಮ್ಲಜನಕ ಹೆಚ್ಚು. ಆದರೆ ರಕ್ತ ಗಟ್ಟಿಯಾಗುತ್ತದೆ, ಹೃದಯಕ್ಕೆ ತಳ್ಳುವುದು ಕಷ್ಟವಾಗುತ್ತದೆ. ಅದನ್ನು ಹಿಡಿಯುವ ಪರೀಕ್ಷೆ ಆಗ ಇರಲಿಲ್ಲ. 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಒಂದು ಮಿತಿ ಹಾಕಿತು: ರಕ್ತದಲ್ಲಿ ಕೆಂಪುಕಣದ ಪಾಲು ಶೇ 50 ಮೀರಿದ ಗಂಡಸರು ಆರೋಗ್ಯದ ಕಾರಣಕ್ಕೆ ಎರಡು ವಾರ ಸವಾರಿ ಮಾಡುವಂತಿಲ್ಲ. ಅದಾದ ಮೇಲೆ ಎಲ್ಲರ ಗುರಿಯೂ ಒಂದೇ ಆಯಿತು, 49ಕ್ಕೆ ತಂದು ನಿಲ್ಲಿಸುವುದು. 1996ರ ಟೂರ್ ಗೆದ್ದ ಬ್ಯಾರ್ನ ರೀಸ್‌ನನ್ನು ಸಹಸವಾರರು ‘ಮಿಸ್ಟರ್ ಅರವತ್ತು ಪರ್ಸೆಂಟ್’ ಎಂದು ಹಿಂದಿನಿಂದ ಕರೆಯುತ್ತಿದ್ದರು. ಅವನು ಬಾಯಿಬಿಟ್ಟದ್ದು ಹನ್ನೊಂದು ವರ್ಷದ ನಂತರ, 2007ರಲ್ಲಿ. ಈ ಮದ್ದಿನ ಬಗ್ಗೆ ಇಟಲಿಯ ಡಾಕ್ಟರ್ ಮಿಕೆಲೆ ಫೆರಾರಿ ಒಮ್ಮೆ, ಅತಿಯಾದರೆ ಕಿತ್ತಳೆ ಹಣ್ಣಿನ ರಸವೂ ಅಪಾಯವೇ ಎಂಬರ್ಥದ ಮಾತಾಡಿ ಕೆಲಸ ಕಳೆದುಕೊಂಡಿದ್ದ. ಮುಂದೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿದ್ದು ಅದೇ ಡಾಕ್ಟರಿಗೆ.

ಆರ್ಮ್‌ಸ್ಟ್ರಾಂಗ್ ಹೆಸರು ನಿನಗೆ ಗೊತ್ತು. ಆದರೆ ನಿನ್ನ ವಯಸ್ಸಿನವರಿಗೆ ಅವನು ಒಬ್ಬ ಸಿಕ್ಕಿಬಿದ್ದ ಕಳ್ಳ, ಅಷ್ಟೇ. ನಮ್ಮ ಕಣ್ಣಿಗೆ ಅವನು ಹೇಗಿದ್ದ ಎಂಬುದು ನಿಮಗೆ ತಿಳಿಯದು. 1996ರಲ್ಲಿ ಕ್ಯಾನ್ಸರ್, ಶ್ವಾಸಕೋಶಕ್ಕೆ, ಮಿದುಳಿಗೆ ಹರಡಿತ್ತು. ಅದರಿಂದ ಎದ್ದು ಬಂದು 1999ರಿಂದ 2005ರವರೆಗೆ ಸಾಲಾಗಿ ಏಳು ಟೂರ್. ಆಸ್ಪತ್ರೆಯ ವಾರ್ಡುಗಳಲ್ಲಿ ಅವನ ಪುಸ್ತಕ ಓದುತ್ತಿದ್ದರು. ನೂರಾರು ಸಲ ಪರೀಕ್ಷೆಗೆ ಒಳಗಾದೆ, ಒಮ್ಮೆಯೂ ಸಿಕ್ಕಿಲ್ಲ ಎಂಬುದೇ ಅವನ ಗುರಾಣಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ. 1999ರಲ್ಲಿ ಒಂದು ಮಾದರಿಯಲ್ಲಿ ಸ್ಟಿರಾಯ್ಡ್ ಅಂಶ ಕಂಡಾಗ, ಕೂರುವ ಜಾಗದ ಹುಣ್ಣಿಗೆ ಹಚ್ಚಿದ ಮುಲಾಮಿನದು ಎಂದು ಹಿಂದಿನ ತಾರೀಕು ಹಾಕಿದ ಚೀಟಿ ತೋರಿಸಿ ದಾಟಿದರು. ಕೊನೆಗೆ 2012ರ ಅಕ್ಟೋಬರಿನಲ್ಲಿ ಅಮೆರಿಕದ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ಅವನ ಮೇಲಿನ ವರದಿಯನ್ನು ಹೊರಹಾಕಿದಾಗ ಅದರ ಬೆನ್ನೆಲುಬಾಗಿದ್ದುದು ಪ್ರಯೋಗಾಲಯದ ಸೀಸೆ ಅಲ್ಲ, ಅವನದೇ ತಂಡದಲ್ಲಿ ದುಡಿದವರ ಪ್ರಮಾಣಪೂರ್ವಕ ಸಾಕ್ಷ್ಯ. ಏಳು ಬಿರುದೂ ಹೋದವು. ಆ ಏಳು ವರ್ಷದ ಟೂರ್‌ಗಳಿಗೆ ಇವತ್ತಿಗೂ ವಿಜೇತರಿಲ್ಲ. ಎರಡನೆಯವರಿಗೂ ಮೂರನೆಯವರಿಗೂ ಕೊಡಲು ಒಕ್ಕೂಟಕ್ಕೇ ಧೈರ್ಯ ಬರಲಿಲ್ಲ.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. 2012ರವರೆಗೆ ಕಾಯದೆಯೇ, 1999ರಲ್ಲೇ ಆ ಮೋಸವನ್ನು ಕಾಣಬಹುದಿತ್ತು. ಬೆಟ್ಟ ಹತ್ತಿದ ವೇಗದಲ್ಲಿ ಅಲ್ಲ, ಪ್ರಶ್ನೆ ಕೇಳಿದವರಿಗೆ ಏನಾಯಿತು ಎಂಬುದರಲ್ಲಿ.

ಕ್ರಿಸ್ತೋಫ್ ಬಸೋನ್ ಎಂಬ ಫ್ರೆಂಚ್ ಹುಡುಗನ ಬಗ್ಗೆ ಓದು. ಹಿಂದಿನ ವರ್ಷ, 1998ರಲ್ಲಿ, ಫೆಸ್ಟಿನಾ ತಂಡದ ಸಹಾಯಕನ ಕಾರನ್ನು ಫ್ರಾನ್ಸ್–ಬೆಲ್ಜಿಯಂ ಗಡಿಯಲ್ಲಿ ಕಸ್ಟಮ್ಸ್‌ನವರು ತಡೆದು ನೋಡಿದರೆ ತುಂಬ ಇಪಿಒ, ಬೆಳವಣಿಗೆಯ ಹಾರ್ಮೋನು. ತಂಡವನ್ನೇ ಟೂರ್‌ನಿಂದ ಹೊರಹಾಕಿದರು. ವಿಚಾರಣೆಯಲ್ಲಿ ಅದೇ ತಂಡದ ಸವಾರರು ಪೊಲೀಸರಿಗೆ ಹೇಳಿದ್ದು, ನಮ್ಮಲ್ಲಿ ಮದ್ದು ಮುಟ್ಟದವನು ಬಸೋನ್ ಎಂದು. ಮರುವರ್ಷ ಅವನು ಬೇರೆ ತಂಡ ಸೇರಿ ಟೂರ್‌ಗೆ ಬಂದ. ದಿನಾ ಒಂದು ಪತ್ರಿಕೆಗೆ ಅಂಕಣ ಬರೆಯುತ್ತಿದ್ದ. ಸ್ಪರ್ಧೆ ಇನ್ನೂ ಶುದ್ಧವಾಗಿಲ್ಲ ಎಂದು ಅದರಲ್ಲಿ ಬರೆದ. ಅಲ್ಲಿಗೆ ಮುಗಿಯಿತು. ಸವಾರರ ಗುಂಪಿನಲ್ಲಿ ಅವನ ಜೊತೆ ಮಾತು ನಿಂತಿತು. ಆಲ್ಪ್ ದ್ಯುಯೆಜ್ ಕಡೆ ಹೋಗುವ ದಿನ ಅವನು ಗುಂಪು ಬಿಟ್ಟು ಮುಂದೆ ನುಗ್ಗಿದಾಗ ಬೆನ್ನಟ್ಟಿ ಹಿಡಿದರು. ಮುಂಚೂಣಿಯವನ ಹಳದಿ ಜೆರ್ಸಿ ತೊಟ್ಟ ಆರ್ಮ್‌ಸ್ಟ್ರಾಂಗ್ ಅವನ ಪಕ್ಕಕ್ಕೆ ಬಂದು, ಹೀಗೆಲ್ಲ ಮಾತಾಡುವುದಾದರೆ ಈ ಕಸುಬು ಬಿಟ್ಟು ಮನೆಗೆ ಹೋಗು ಎಂದ. ಬಸೋನ್‌ನ ತಂಡದವರೂ ಅವನ ಬೆನ್ನಿಗೆ ನಿಲ್ಲಲಿಲ್ಲ. ಕೆಲವೇ ದಿನಕ್ಕೆ ಅವನು ಸ್ಪರ್ಧೆ ಬಿಟ್ಟು ಹೊರಟ. ನೂರೆಂಬತ್ತು ಜನರ ಗುಂಪು ಒಬ್ಬನ ಬಾಯಿ ಮುಚ್ಚಿಸಲು ಒಂದಾಗುತ್ತದೆ ಎಂದರೆ ಅಲ್ಲಿ ಬಚ್ಚಿಡುವಂಥದ್ದು ಏನೋ ಇದೆ ಎಂದು ತಿಳಿಯಲು ಯಾವ ಪ್ರಯೋಗಾಲಯ ಬೇಕು?

ಎಮಾ ಓರೈಲಿ ಅದೇ ಆರ್ಮ್‌ಸ್ಟ್ರಾಂಗ್ ತಂಡದಲ್ಲಿ ಮಾಲೀಸು, ಬಟ್ಟೆಬರೆ, ಊಟತಿಂಡಿ ನೋಡಿಕೊಳ್ಳುತ್ತಿದ್ದ ಐರಿಷ್ ಹೆಣ್ಣುಮಗಳು. ಸೂಜಿಯ ಗುರುತು ಮುಚ್ಚಲು ಆರ್ಮ್‌ಸ್ಟ್ರಾಂಗ್ ತನ್ನಿಂದ ಮೇಕಪ್ ಕೇಳಿ ಪಡೆದದ್ದು, ಆ ಮುಲಾಮಿನ ಚೀಟಿಯ ಕಥೆ, ಎಲ್ಲವನ್ನೂ ಆಕೆ ಪತ್ರಕರ್ತರ ಮುಂದೆ ಹೇಳಿದಳು. ಪ್ರತಿಯಾಗಿ ಸಿಕ್ಕಿದ್ದು ಮೊಕದ್ದಮೆ, ಬಾಯಿಗೆ ಬಂದಂತೆ ಬೈಗುಳ. ಅಮೆರಿಕದವನೇ ಆದ, ಮೂರು ಸಲ ಟೂರ್ ಗೆದ್ದ ಗ್ರೆಗ್ ಲೆಮಾಂಡ್, 2001ರಲ್ಲಿ ಆರ್ಮ್‌ಸ್ಟ್ರಾಂಗ್‌ಗೂ ಆ ಫೆರಾರಿಗೂ ಇದ್ದ ನಂಟಿನ ಬಗ್ಗೆ ಬಹಿರಂಗವಾಗಿ ಬೇಸರ ತೋಡಿಕೊಂಡ. ಅವನಿಂದಲೇ ಕ್ಷಮೆ ಕೇಳಿಸಿದರು. ಇಟಲಿಯ ಫಿಲಿಪ್ಪೊ ಸಿಮಿಯೋನಿ ಫೆರಾರಿಯ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದ. 2004ರ ಟೂರ್‌ನಲ್ಲಿ, ಒಟ್ಟಾರೆ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿದ್ದ ಆ ಬಡಪಾಯಿ ಮುಂದಿನ ಗುಂಪನ್ನು ಸೇರಲು ಹೊರಟಾಗ, ಹಳದಿ ಜೆರ್ಸಿಯವನೇ ಬೆನ್ನಟ್ಟಿ ಹೋದ. ಸಿಮಿಯೋನಿ ಹಿಂದಕ್ಕೆ ಸರಿಯಲೇಬೇಕಾಯಿತು. ಆಮೇಲೆ ಆರ್ಮ್‌ಸ್ಟ್ರಾಂಗ್ ಟಿವಿ ಕ್ಯಾಮೆರಾ ಕಡೆ ತಿರುಗಿ ತುಟಿಗೆ ಜಿಪ್ ಎಳೆದಂತೆ ಸನ್ನೆ ಮಾಡಿದ. ಆ ಸನ್ನೆಯನ್ನು ಕೋಟ್ಯಂತರ ಜನ ನೋಡಿದರು, ನಕ್ಕರು, ಚಾನೆಲ್ ಬದಲಿಸಿದರು.

ಒಂದೊಂದು ದೊಡ್ಡ ಹಗರಣವೂ ಹೇಗೆ ಹೊರಬಿತ್ತೆಂದು ಕೂತು ಲೆಕ್ಕ ಹಾಕು. ಫೆಸ್ಟಿನಾ ಸಿಕ್ಕಿದ್ದು ಕಸ್ಟಮ್ಸ್ ಕೈಗೆ. 2006ರಲ್ಲಿ ಮ್ಯಾಡ್ರಿಡ್‌ನ ಡಾಕ್ಟರ್ ಫುಯೆಂತೆಸ್‌ನ ಫ್ರಿಜ್ಜುಗಳಲ್ಲಿ ಚೀಲಗಟ್ಟಲೆ ರಕ್ತ ಸಿಕ್ಕಿದ್ದು ಸ್ಪೇನ್ ಪೊಲೀಸರಿಗೆ. ಅದಕ್ಕೆ ಎರಡು ವರ್ಷ ಮೊದಲೇ ಹೆಸುಸ್ ಮಾನ್ಸಾನೊ ಎಂಬ ಸವಾರ ಪತ್ರಿಕೆಯ ಮುಂದೆ ಎಲ್ಲ ಬಿಚ್ಚಿಟ್ಟಿದ್ದ. (ಫುಯೆಂತೆಸ್‌ನ ರಕ್ತದ ಚೀಲಗಳ ಮೇಲೆ ಸವಾರರ ಹೆಸರಿರಲಿಲ್ಲ, ಗುಪ್ತನಾಮಗಳಿದ್ದವು. ಇಟಲಿಯ ಸವಾರ ಇವಾನ್ ಬಾಸೊನದು ಅವನ ನಾಯಿಯ ಹೆಸರು. ಜಾಣತನಕ್ಕೂ ಒಂದು ಮಿತಿ ಇರುತ್ತದೆ ನೋಡು.) ಆರ್ಮ್‌ಸ್ಟ್ರಾಂಗ್ ಬಿದ್ದದ್ದು ಹಳೆಯ ಸಹಸವಾರ ಫ್ಲಾಯ್ಡ್ ಲ್ಯಾಂಡಿಸ್ 2010ರಲ್ಲಿ ಬರೆದ ಇಮೇಲ್‌ಗಳಿಂದ. 2019ರಲ್ಲಿ ಜರ್ಮನಿಯ ಎರ್‌ಫುರ್ಟ್‌ನ ಡಾಕ್ಟರನ ರಕ್ತದಂಗಡಿ ಬಯಲಾದದ್ದು ಒಬ್ಬ ಆಸ್ಟ್ರಿಯನ್ ಸ್ಕೀ ಆಟಗಾರ ಟಿವಿಯಲ್ಲಿ ತಪ್ಪೊಪ್ಪಿಕೊಂಡದ್ದರಿಂದ. ಆ ಬಲೆಯಲ್ಲಿ ಸೈಕಲ್ ಸವಾರರೂ ಇದ್ದರು. ಹಾಗೆಂದು ಪರೀಕ್ಷೆ ದಂಡ ಎನ್ನುತ್ತಿಲ್ಲ. 2008ರಿಂದ ಪ್ರತಿ ಸವಾರನಿಗೂ ರಕ್ತದ ಪಾಸ್‌ಪೋರ್ಟ್ ಇದೆ. ಅದು ಕಿರಾಣಿ ಅಂಗಡಿಯ ಉದ್ರಿ ವಹಿಯಿದ್ದ ಹಾಗೆ, ಒಂದು ದಿನದ ಚೀಟಿಯಲ್ಲಿ ಕಾಣದ ವ್ಯತ್ಯಾಸ ವರ್ಷದ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಅದರಿಂದ ಹಿಂದಿನಂತೆ ಬೇಕಾಬಿಟ್ಟಿ ಹೊಡೆಯಲಾಗದು. ಆದರೆ ತೀರಾ ಸಣ್ಣ ಪ್ರಮಾಣದಲ್ಲಿ ರಾತ್ರಿ ತೆಗೆದುಕೊಂಡು ಬೆಳಗಾಗುವುದರೊಳಗೆ ಕರಗಿಸಿಕೊಳ್ಳುವವನು ಅದರ ಕಣ್ಣಿಗೂ ಬೀಳದಿರಬಹುದು.

ಇನ್ನು ಇವತ್ತಿಗೆ ಬಾ. 2023ರ ಟೂರ್‌ನಲ್ಲಿ ಕೊಂಬ್ಲೂವರೆಗಿನ 22 ಕಿಲೋಮೀಟರ್ ಚಿಲ್ಲರೆ ಟೈಮ್ ಟ್ರಯಲ್‌ನಲ್ಲಿ ವಿಂಗೆಗೋರ್ ಪೊಗಾಚರ್‌ನನ್ನು 1 ನಿಮಿಷ 38 ಸೆಕೆಂಡು ಹಿಂದೆ ಹಾಕಿದಾಗ ಎಲ್ಲರೂ ಹುಬ್ಬೇರಿಸಿದರು. ಪತ್ರಕರ್ತರು ನೇರವಾಗಿ ಕೇಳಿದರು. ಅವನು ಸಿಟ್ಟಾಗಲಿಲ್ಲ. ಹಿಂದೆ ನಡೆದದ್ದನ್ನು ನೋಡಿದರೆ ಅನುಮಾನ ಪಡುವುದು ಸರಿಯೇ, ನನ್ನ ಮಗಳಿಗೆ ಕೊಡಲಾಗದ್ದನ್ನು ನಾನೂ ತೆಗೆದುಕೊಳ್ಳುವುದಿಲ್ಲ ಎಂಬರ್ಥದಲ್ಲಿ ಉತ್ತರ ಕೊಟ್ಟ. 1999ಕ್ಕೂ ಇದಕ್ಕೂ ಇರುವ ದೂರ ಗಮನಿಸು. ಸೌಜನ್ಯವೇ ಸಾಕ್ಷಿ ಎಂದು ನಾನು ಹೇಳುವುದಿಲ್ಲ. ಸಭ್ಯ ಕಳ್ಳರೂ ಇರುತ್ತಾರೆ. ಆದರೆ ಪ್ರಶ್ನೆ ಕೇಳಿದವನನ್ನು ಮಾರನೆಯ ದಿನ ಮನೆಗೆ ಅಟ್ಟಲಿಲ್ಲ, ಅದು ಬದಲಾವಣೆಯೇ.

ಪೊಗಾಚರ್ ವಿಷಯದಲ್ಲಿ ಜನ ಅವನ ತಂಡದ ಮುಖ್ಯಸ್ಥ ಮೌರೊ ಜಾನೆಟ್ಟಿಯ ಕಡೆ ಬೊಟ್ಟು ಮಾಡುತ್ತಾರೆ. 2008ರಲ್ಲಿ ಜಾನೆಟ್ಟಿ ನಡೆಸುತ್ತಿದ್ದ ಸೌನಿಯೆ ದುವಾಲ್ ತಂಡದ ರಿಕಾರ್ಡೊ ರಿಕ್ಕೊ ಹೊಸ ಬಗೆಯ ಇಪಿಒ ಬಳಸಿ ಸಿಕ್ಕಿಬಿದ್ದ, ಇಡೀ ತಂಡ ಟೂರ್ ಬಿಟ್ಟು ಹೋಯಿತು. ಇದು ನಡೆದ ಸಂಗತಿ. ಇಂಥ ಹಿನ್ನೆಲೆ ಇರುವಾಗ ಕೇಳುವ ಹಕ್ಕು ನಮಗಿದೆ. ಆದರೆ ಆಗ ಒಂಬತ್ತು ವರ್ಷದ ಮಗುವಾಗಿದ್ದವನ ತಲೆಗೆ ಅದನ್ನು ಕಟ್ಟುವ ಹಕ್ಕಿಲ್ಲ. 2024ರಲ್ಲಿ ಕಾರ್ಬನ್ ಮಾನಾಕ್ಸೈಡ್ ವಿಷಯ ಎದ್ದಿತಲ್ಲ, ಅದನ್ನು ಇನ್ನೂ ಎಚ್ಚರದಿಂದ ನೋಡು. ಬೆಟ್ಟದ ಶಿಬಿರದಿಂದ ರಕ್ತದ ಹಿಮೋಗ್ಲೋಬಿನ್ ಎಷ್ಟು ಏರಿತೆಂದು ಅಳೆಯಲು ಆ ಅನಿಲವನ್ನು ತುಸು ಉಸಿರಾಡಿಸುವ ವಿಧಾನ ಇದೆ. ನಾವು ಬಳಸುವುದು ಅಳೆಯಲಷ್ಟೇ ಎಂದು ದೊಡ್ಡ ತಂಡಗಳು ಹೇಳಿದವು. ಮತ್ತೆ ಮತ್ತೆ ಉಸಿರಾಡಿದರೆ ಅದೇ ಕೆಂಪುಕಣ ಹೆಚ್ಚಿಸಬಹುದು ಎಂಬುದು ಆತಂಕ. ಒಕ್ಕೂಟ 2025ರ ಫೆಬ್ರುವರಿಯಲ್ಲಿ ಅದಕ್ಕೆ ಕಡಿವಾಣ ಹಾಕಿತು. ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ವಾಡಾ ಅದನ್ನು 2026ರ ನಿಷೇಧ ಪಟ್ಟಿಗೆ ಸೇರಿಸಿತು. ಅಂದರೆ ಅದಕ್ಕೆ ಮೊದಲು ಅದು ನಿಷಿದ್ಧವಾಗಿರಲಿಲ್ಲ. ನೋವಿನ ಮಾತ್ರೆ ಟ್ರಾಮಡಾಲ್ ಕೂಡ ಹೀಗೆಯೇ. ಸೈಕ್ಲಿಂಗ್ ಅದನ್ನು 2019ರಲ್ಲಿ ನಿಷೇಧಿಸಿತು, ವಾಡಾ 2024ರಲ್ಲಿ. ನಿಯಮ ಯಾವಾಗಲೂ ಡಾಕ್ಟರನ ಹಿಂದೆ ಏದುಸಿರು ಬಿಡುತ್ತ ಓಡುತ್ತಿರುತ್ತದೆ.

ಆದರೆ ಅನುಮಾನವೂ ಕೈಮೀರುತ್ತದೆ ತಮ್ಮಾ. 2015ರ ಟೂರ್‌ನಲ್ಲಿ ರಸ್ತೆ ಬದಿಯವನೊಬ್ಬ ‘ಮದ್ದುಕೋರ’ ಎಂದು ಕೂಗಿ ಮೂತ್ರ ಎರಚಿದ ಎಂದು ಕ್ರಿಸ್ ಫ್ರೂಮ್ ಹೇಳಿದ. 2017ರಲ್ಲಿ ಅವನ ಮೂತ್ರದಲ್ಲಿ ಆಸ್ತಮಾ ಔಷಧ ಮಿತಿ ಮೀರಿತ್ತು, ಮರುವರ್ಷ ಒಕ್ಕೂಟವೇ ಪ್ರಕರಣ ಕೈಬಿಟ್ಟಿತು. ಇವತ್ತಿಗೂ ಅವನನ್ನು ಅಪರಾಧಿ ಎನ್ನುವವರಿದ್ದಾರೆ. ಪಂತಾನಿಯ ಗತಿ ಇನ್ನೂ ಕರುಣಾಜನಕ. 1999ರ ಜೂನ್‌ನಲ್ಲಿ, ಇಟಲಿಯ ದೊಡ್ಡ ಸ್ಪರ್ಧೆ ಜಿರೊ ಡಿ ಇಟಾಲಿಯಾ ಗೆಲ್ಲಲು ಎರಡೇ ದಿನ ಇದ್ದಾಗ, ಕೆಂಪುಕಣ ಶೇ 52 ಎಂದು ಹೊರಹಾಕಿದರು. ಊರೆಲ್ಲ ಮಾಡುತ್ತಿದ್ದುದಕ್ಕೆ ತನ್ನೊಬ್ಬನನ್ನೇ ಬಲಿಕೊಟ್ಟರೆಂಬ ಸಂಕಟದಲ್ಲಿ ಅವನು ಮತ್ತೆ ಏಳಲಿಲ್ಲ. 2004ರ ಫೆಬ್ರುವರಿ 14ರಂದು ರಿಮಿನಿಯ ಹೋಟೆಲ್ ಕೋಣೆಯಲ್ಲಿ ಕೊಕೇನ್‌ನಿಂದ ಸತ್ತುಬಿದ್ದಿದ್ದ, 34 ವರ್ಷಕ್ಕೆ. ಅವನು ಮೋಸ ಮಾಡಿದ್ದ ಎಂದು ನಂಬುತ್ತೇನೆ, ಅವನಿಗಾಗಿ ಮರುಗುತ್ತೇನೆ ಕೂಡ. ಎರಡನ್ನೂ ಒಟ್ಟಿಗೆ ಮಾಡಲು ಕಲಿ.

ಇಷ್ಟೆಲ್ಲ ಹೇಳುತ್ತಿರುವುದು ಪೊಗಾಚರ್‌ಗಾಗಿ ಅಲ್ಲ, ನಿನಗಾಗಿ. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಹೊಲದ ದಾರಿಗಳಲ್ಲಿ ಸೈಕಲ್ ತುಳಿದು ಬೆಳೆದ ಹುಡುಗರು ಎಷ್ಟೋ ವರ್ಷದಿಂದ ದೇಶಕ್ಕೆ ಪದಕ ತರುತ್ತಿದ್ದಾರೆ. ಈಗ ನೀನೂ ಆ ಸಾಲಿನಲ್ಲಿ ನಿಂತಿದ್ದೀಯ. ಕಳ್ಳತನ ಯುರೋಪಿನ ಬೆಟ್ಟದಲ್ಲಷ್ಟೇ ನಡೆಯುತ್ತದೆ ಎಂದುಕೊಳ್ಳಬೇಡ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷಿದ್ಧ ವಸ್ತು ಸಿಕ್ಕಿತು, ಶೇ 3.8. ಐದು ಸಾವಿರಕ್ಕಿಂತ ಹೆಚ್ಚು ಮಾದರಿ ಪರೀಕ್ಷಿಸಿದ ದೇಶಗಳಲ್ಲಿ ಅದೇ ಅತಿ ಹೆಚ್ಚು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ನಾಡಾದ ಅಧಿಕಾರಿಗಳು ಬಂದರೆಂದು ತಿಳಿದದ್ದೇ ತಡ, ನೂರು ಮೀಟರ್ ಫೈನಲ್‌ನಲ್ಲಿ ಓಡಲು ಉಳಿದವನು ಒಬ್ಬನೇ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದಾಗ ಊರೆಲ್ಲ ಕುಣಿದಿತ್ತು. ಮರುವರ್ಷ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಹೀಗಾಯಿತು ಎಂದು ಅವಳೂ ಅವಳೊಂದಿಗೆ ಸಿಕ್ಕಿಬಿದ್ದ ಓಟಗಾರ್ತಿಯರೂ ಹೇಳಿದರು. ಕೋಚ್ ಕೆಲಸ ಹೋಯಿತು, ಇವರಿಗೂ ನಿಷೇಧ ತಪ್ಪಲಿಲ್ಲ. ನಿಯಮ ಹಾಗೆಯೇ ಇದೆ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ, ಯಾರು ಕೊಟ್ಟರೆಂಬುದು ಆಮೇಲಿನ ಮಾತು.

ಮದ್ದು ಕೊಡುವವನು ಸಿನಿಮಾದ ಖಳನ ಹಾಗೆ ಬರುವುದಿಲ್ಲ. ಬಹಳ ಅಕ್ಕರೆಯಿಂದ ಬರುತ್ತಾನೆ. ಟೈಲರ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಸವಾರನಿಗೆ ಮೊದಲ ಮಾತ್ರೆ ಕೊಟ್ಟ ತಂಡದ ಡಾಕ್ಟರು ಅದನ್ನು ಆರೋಗ್ಯಕ್ಕೆಂದೇ ಕೊಟ್ಟದ್ದು. ಅನೇಕರ ವಿಷಯದಲ್ಲಿ ಶುರುವಾದದ್ದು ವಿಟಮಿನ್ ಇಂಜೆಕ್ಷನ್‌ನಿಂದ, ಅದೂ ಆಗ ಕಾನೂನುಬದ್ಧ. ಸೂಜಿಗೆ ಒಮ್ಮೆ ಅಭ್ಯಾಸವಾದ ತೋಳು ಸೀಸೆಯಲ್ಲಿ ಏನಿದೆ ಎಂದು ಕೇಳುವುದನ್ನು ಬಿಡುತ್ತದೆ. ಅದಕ್ಕೇ 2011ರಲ್ಲಿ ಒಕ್ಕೂಟ ಚಿಕಿತ್ಸೆಗಲ್ಲದೆ ಸೂಜಿಯನ್ನೇ ಮುಟ್ಟಬಾರದೆಂದು ನಿಯಮ ಮಾಡಿತು. ನೀನೂ ಅಷ್ಟೇ: ‘ರಿಕವರಿಗೆ’ ಎಂದು ಯಾರಾದರೂ ಸಿರಿಂಜ್ ಹಿಡಿದು ಬಂದರೆ ಅದು ಗ್ಲೂಕೋಸೇ ಆಗಿರಲಿ, ತೋಳು ಕೊಡಬೇಡ. ನೆಗಡಿಗೆ ಮಾತ್ರೆ ಬೇಕಾದರೂ ಮೊದಲು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ನೋಡು. ನೆಗಡಿ ಔಷಧಗಳಲ್ಲೇ ಸ್ಪರ್ಧೆಯ ದಿನ ಮಿತಿ ಮೀರಬಾರದಂಥವು ಇವೆ. ಕೊಂಡದ್ದರ ಬಿಲ್ಲು, ಡಬ್ಬಿಯ ಬ್ಯಾಚ್ ನಂಬರು ಇಟ್ಟುಕೋ.

ನಿಮ್ಮ ಕ್ಯಾಂಪಿನಲ್ಲಿ ಸೀನಿಯರ್ ಹುಡುಗರು ಏನೋ ಪುಡಿ ಹಂಚಿದರೆಂದು ನಿನ್ನ ಅಮ್ಮ ಹೇಳಿದಳು. ಡಬ್ಬಿಯ ನಾಲ್ಕೂ ಬದಿಯ ಫೋಟೊ ತೆಗೆದು ಇವತ್ತು ರಾತ್ರಿಯೇ ನನಗೆ ಕಳಿಸು; ನಾನು ಹೇಳುವವರೆಗೆ ಒಂದು ಚಮಚವೂ ಬೇಡ. ನಾಳೆ ಬೆಳಿಗ್ಗೆ ಪ್ರಾಕ್ಟೀಸ್‌ಗೆ ಹೋದಾಗ ಎಲ್ಲರ ಎದುರಿಗೇ, ದನಿ ಏರಿಸದೆ, ಇದನ್ನು ಎಲ್ಲಿಂದ ತಂದಿರಿ ಅಣ್ಣಾ ಎಂದು ಕೇಳು. ಅವರು ಏನು ಹೇಳಿದರು ಎಂಬುದಕ್ಕಿಂತ, ಕೇಳಿದ ಮೇಲೆ ನಿನ್ನ ಜೊತೆ ಹೇಗೆ ನಡೆದುಕೊಂಡರು ಎಂಬುದನ್ನು ಸಂಜೆ ಫೋನ್ ಮಾಡಿ ತಿಳಿಸು.